ಕಣ್ಣೀರನ್ನು ನುಂಗಬೇಡಿ



2017ರ ಬರಗಾಲ ನಿಮಗೆಲ್ಲ ನೆನಪಿದೆ. ಹೊಳಲ್ಕೆರೆಯ ಕಡೆ ಅಡಿಕೆ ತೋಟಗಳಿಗೆ ಟ್ಯಾಂಕರಿನಲ್ಲಿ ನೀರು ಹೊಡೆಸಿದ ಕಾಲ. ಆಗ ಹೊಸದುರ್ಗದ ಕಡೆಯ ಯಜಮಾನರೊಬ್ಬರು ಮಠಕ್ಕೆ ಬಂದರು. ಬೋರುಗಳೆಲ್ಲ ಬತ್ತಿದ್ದವು, ತಂದೆ ನೆಟ್ಟ ತೆಂಗಿನ ಮರಗಳು ಸುಳಿ ಒಣಗಿ ನಿಂತಿದ್ದವು. “ಹೇಗಿದ್ದೀರಪ್ಪಾ?” ಎಂದೆವು. “ಚೆನ್ನಾಗಿದ್ದೀನಿ ಬುದ್ಧಿ” ಎಂದರು. ಮನೆಯಲ್ಲೂ ಅದೇ ಮಾತು. ಆದರೆ ಹಗಲೆಲ್ಲ ಬೀಡಿ, ಸಂಜೆಗೆ ಕುಡಿತ, ನಡುರಾತ್ರಿಯಲ್ಲಿ ಎದ್ದು ಕೂರುವುದು. ವರ್ಷದೊಳಗೆ ರಕ್ತದೊತ್ತಡ ಅಂಟಿಕೊಂಡಿತು.

ಅವರ ತಮ್ಮನಿಗೂ ಅಷ್ಟೇ ಸಾಲ, ಅಂಥದೇ ತೋಟ. ಆತ ಹೆಂಡತಿಯ ಮುಂದೆ ಕೂತು ಅತ್ತುಬಿಟ್ಟ. ಮರುದಿನ ಸಾಲದ ಲೆಕ್ಕ ಬರೆದುಕೊಂಡು ಬ್ಯಾಂಕಿಗೆ ಹೋದ. ಸಾಲವೇನೂ ಕರಗಲಿಲ್ಲ, ನಿದ್ರೆ ಮಾತ್ರ ಬಂತು.

ಭಯವಾದಾಗ ಮೂತ್ರಪಿಂಡಗಳ ಮೇಲಿರುವ ಪುಟ್ಟ ಗ್ರಂಥಿಗಳು ರಕ್ತಕ್ಕೆ ತಮ್ಮ ರಸವನ್ನು ಬಿಡುತ್ತವೆ. ಎದೆಬಡಿತ ಏರುತ್ತದೆ, ರಕ್ತದಲ್ಲಿ ಸಕ್ಕರೆ ಹೆಚ್ಚುತ್ತದೆ. ಹಾವು ಕಂಡವನು ಓಡುವುದಕ್ಕೆ ಇದು ಬೇಕು. ಹಾವು ಸರಿದುಹೋದ ಮೇಲೆ ಇಳಿಯಲೂ ಬೇಕು. ಸಾಲವು ಹಾವಿನ ಹಾಗೆ ಸರಿದುಹೋಗುವುದಿಲ್ಲ. ಹಾನ್ಸ್ ಸೆಲ್ಯೆ ಎಂಬ ವಿಜ್ಞಾನಿ 1936ರಲ್ಲೇ ಇಲಿಗಳಲ್ಲಿ ಇದನ್ನು ತೋರಿಸಿದ: ಕಷ್ಟ ಚಳಿಯದಾಗಲಿ, ಗಾಯದ್ದಾಗಲಿ, ಒಡಲಿನ ಕೇಡು ಒಂದೇ ಬಗೆಯದು. ಇನ್ನು ಬೀಡಿ ಎದೆಬಡಿತವನ್ನು ಮತ್ತಷ್ಟು ಓಡಿಸುತ್ತದೆ. ಕುಡಿತ ನಿದ್ರೆ ಕೊಟ್ಟಂತೆ ಮಾಡಿ ನಡುರಾತ್ರಿಗೆ ಕಿತ್ತುಕೊಳ್ಳುತ್ತದೆ.

ಚರಕಸಂಹಿತೆಯ ಸೂತ್ರಸ್ಥಾನ, ಏಳನೆಯ ಅಧ್ಯಾಯ. ತಡೆಯಬಾರದ 13 ವೇಗಗಳನ್ನು ಆಚಾರ್ಯರು ಅಲ್ಲಿ ಎಣಿಸುತ್ತಾರೆ. ಹಸಿವು, ನೀರಡಿಕೆ, ನಿದ್ರೆಗಳ ಜೊತೆಗೆ ಕಣ್ಣೀರೂ ಇದೆ! ಅದನ್ನು ತಡೆದರೆ ನೆಗಡಿ, ನೇತ್ರರೋಗ, ತಲೆಸುತ್ತು, ಹೃದ್ರೋಗ ಎನ್ನುತ್ತಾರೆ. ಮುಂದೆ ಅದೇ ಅಧ್ಯಾಯದಲ್ಲಿ ಶೋಕ, ಭಯ, ಕ್ರೋಧಗಳನ್ನು ತಡೆಯಬೇಕೆಂದೂ ಹೇಳುತ್ತಾರೆ. ಪಾಠಶಾಲೆಯಲ್ಲಿ ಓದುವಾಗ ನಮಗಿದು ಪರಸ್ಪರ ವಿರೋಧವೆನಿಸಿತ್ತು. ಆ ಅಣ್ಣತಮ್ಮಂದಿರನ್ನು ಕಂಡ ಮೇಲೆ ಅರ್ಥವಾಯಿತು: ಅತ್ತವನ ಶೋಕ ಹತೋಟಿಗೆ ಬಂತು, ಅಳದವನದು ಬರಲಿಲ್ಲ. “ಗಂಡುಮಗ ಅಳಬಾರದು” ಎಂದು ನಾವೇ ಎಷ್ಟು ಹುಡುಗರನ್ನು ಗದರಿಸಿದ್ದೇವೋ!

2022ರ ಸೆಪ್ಟೆಂಬರಿನಲ್ಲಿ ಹಿರಿಯೂರಿನ ಮಾರಿಕಣಿವೆ ಕೋಡಿ ಬಿತ್ತು. 1933ರ ತರುವಾಯ ಅದೇ ಮೊದಲು. ಯಜಮಾನರು ನೋಡಲು ಹೋಗಿ, ಬರುವಾಗ ಮಠಕ್ಕೆ ಬಂದರು. ಬೋರಿನಲ್ಲಿ ನೀರಿದೆಯಂತೆ, ಕುಡಿತ ಬಿಟ್ಟಿದ್ದಾರಂತೆ. ರಕ್ತದೊತ್ತಡದ ಗುಳಿಗೆ ಮಾತ್ರ ನಡೆದಿದೆ. ವೈದ್ಯರು ಹೇಳದೆ ಅದನ್ನು ನಿಲ್ಲಿಸಬೇಡಿ ಎಂದು ನಾವೂ ಹೇಳಿದೆವು. “ಹೇಗಿದ್ದೀರಪ್ಪಾ?” ಎಂದು ಕೇಳಿದ್ದಕ್ಕೆ ಈ ಸಲ ಅರ್ಧ ಗಂಟೆ ಮಾತಾಡಿದರು.