ಇಲಿಗಳನ್ನು ಗೆದ್ದ ಲಾರ್ಡ್ ಹೌ ದ್ವೀಪ

(ಕರಾವಳಿಯ ತೆಂಗು ಮತ್ತು ಅಡಿಕೆ ಬೆಳೆಗಾರರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಇಲಿಗಳ ಹತೋಟಿಯ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ನನ್ನನ್ನು ಇಲ್ಲಿಗೆ ಕರೆದಿದ್ದೀರಿ. ಔಷಧಿಯ ಹೆಸರು, ಅದರ ಪ್ರಮಾಣ, ಅದನ್ನು ಇಡುವ ಕ್ರಮ ಇವನ್ನೆಲ್ಲ ನಿಮ್ಮಲ್ಲಿ ಅನೇಕರು ಈಗಾಗಲೇ ಬಲ್ಲಿರಿ. ಆದರೂ ತೊಟ್ಟಿನ ಬಳಿ ತೂತು ಬಿದ್ದ ಎಳೆಕಾಯಿಗಳು ಮರದ ಬುಡದಲ್ಲಿ ಉದುರುವುದು ನಿಂತಿಲ್ಲ. ಅದೇಕೆ ಎಂದು ವಿಚಾರ ಮಾಡುವ ಮೊದಲು ನಿಮ್ಮನ್ನು ಸ್ವಲ್ಪ ದೂರದ ಒಂದು ಊರಿಗೆ ಕರೆದೊಯ್ಯುತ್ತೇನೆ.

ಆಸ್ಟ್ರೇಲಿಯದ ಪೂರ್ವ ಕರಾವಳಿಯಿಂದ ಸುಮಾರು 600 ಕಿಲೋಮೀಟರು ದೂರದಲ್ಲಿ ಲಾರ್ಡ್ ಹೌ ಎಂಬ ದ್ವೀಪವಿದೆ. ಉದ್ದ 11 ಕಿಲೋಮೀಟರು, ವಿಸ್ತೀರ್ಣ 1,455 ಹೆಕ್ಟೇರು. ಎಕರೆ ಲೆಕ್ಕದಲ್ಲಿ ಮೂರೂವರೆ ಸಾವಿರದ ಆಸುಪಾಸು. ನಮ್ಮ ಒಂದು ದೊಡ್ಡ ಗ್ರಾಮದಷ್ಟು ಎನ್ನಿ. ಜನಸಂಖ್ಯೆ ಸುಮಾರು ನಾನೂರು. ಒಮ್ಮೆಗೆ 400ಕ್ಕಿಂತ ಹೆಚ್ಚು ಪ್ರವಾಸಿಗರನ್ನು ಅವರು ಬರಗೊಡುವುದಿಲ್ಲ. ಬೇರೆಲ್ಲೂ ಇಲ್ಲದ ಗಿಡ, ಹಕ್ಕಿ, ಹುಳುಗಳು ಅಲ್ಲಿರುವುದರಿಂದ 1982ರಲ್ಲಿ ಯುನೆಸ್ಕೊ ಸಂಸ್ಥೆಯು ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಅಲ್ಲಿನವರ ಹಳೆಯ ಕಸುಬು ಕೇಳಿದರೆ ಅವರು ನಮ್ಮ ನೆಂಟರೆಂದೇ ಅನ್ನಿಸುತ್ತದೆ. ಕೆಂಟಿಯ ಎಂಬ, ಅಡಿಕೆಯ ಕುಲಕ್ಕೆ ಸೇರಿದ ಮರ ಆ ದ್ವೀಪದ ಸ್ವಂತ ಮರ. ಬೆಳಕು ಕಡಿಮೆಯಿದ್ದರೂ ಕುಂಡದಲ್ಲಿ ಬದುಕುವ ಗುಣ ಅದಕ್ಕಿದೆ. ಆದ್ದರಿಂದ ಯೂರೋಪಿನ ಮನೆಗಳ ಪಡಸಾಲೆಗೆ ಇದರ ಸಸಿಗಳಿಗೆ ಬಹಳ ಬೇಡಿಕೆ ಬಂದಿತು. ದ್ವೀಪದವರು ಕಾಲಿಗೆ ತಳೆಯಂಥ ಪಟ್ಟಿ ಸಿಕ್ಕಿಸಿಕೊಂಡು, ನಮ್ಮ ಕೊನೆಗಾರರಂತೆಯೇ ಮರ ಹತ್ತಿ, ಬೀಜದ ಗೊನೆ ಇಳಿಸಿ ಹಡಗಿಗೆ ಹಾಕುತ್ತಿದ್ದರು. ಒಂದು ಗೊನೆ ಬಲಿಯಲು ಹಲವು ವರ್ಷ ಬೇಕು. ಆ ಬೀಜವೇ ಅವರ ಅನ್ನ.

1918ರ ಜೂನ್ ತಿಂಗಳಲ್ಲಿ 'ಮಕಾಂಬೊ' ಎಂಬ ಉಗಿಹಡಗು ಅಲ್ಲಿನ ದಡಕ್ಕೆ ಬಡಿದು ನಿಂತಿತು. ಹಡಗನ್ನು ರಿಪೇರಿ ಮಾಡಿ ಮತ್ತೆ ನೀರಿಗೆ ಬಿಡುವಷ್ಟರಲ್ಲಿ ಅದರೊಳಗಿದ್ದ ಕಪ್ಪು ಇಲಿಗಳು ದಡಕ್ಕೆ ಇಳಿದಿದ್ದವು. ನಮ್ಮ ತೆಂಗಿನ ಮರದ ತಲೆಯಲ್ಲಿ ಗೂಡು ಕಟ್ಟುವ ಇಲಿಯೂ ಇದೇ ಜಾತಿಯದು. ಇದರ ಮೂಲ ಸ್ಥಾನ ನಮ್ಮ ಭಾರತವೇ ಎಂದು ತಜ್ಞರ ಅಭಿಪ್ರಾಯ. ಹಡಗು ಹತ್ತಿ ಪ್ರಪಂಚವನ್ನೆಲ್ಲ ಸುತ್ತಿದ ಪ್ರಾಣಿ.

ದ್ವೀಪದಲ್ಲಿ ಬಾವಲಿಯ ಹೊರತು ಮೂಲದ ಸಸ್ತನಿಗಳೇ ಇರಲಿಲ್ಲ. ಇಲಿ ಎಂದರೇನೆಂದು ಅಲ್ಲಿನ ಹಕ್ಕಿಗಳಿಗೆ ಗೊತ್ತಿಲ್ಲ. ತಗ್ಗಿನ ಗೂಡಿನಲ್ಲಿ ಮೊಟ್ಟೆಯಿಟ್ಟು ನಿಶ್ಚಿಂತೆಯಿಂದ ಕೂತಿದ್ದವು. ಕೆಲವೇ ವರ್ಷಗಳಲ್ಲಿ ಐದು ಜಾತಿಯ ಹಕ್ಕಿಗಳು ಭೂಮಿಯ ಮೇಲೆಯೇ ಇಲ್ಲವಾದವು. ಹುಳುಹುಪ್ಪಟೆ, ಬಸವನಹುಳುಗಳಲ್ಲಿ ಕನಿಷ್ಠ 13 ಜಾತಿಗಳು ಹೋದವು. ಕೆಂಟಿಯ ಬೀಜದ ವ್ಯಾಪಾರಕ್ಕೂ ಭಾರಿ ಪೆಟ್ಟು ಬಿದ್ದಿತು.

ಜನ ಸುಮ್ಮನೆ ಕುಳಿತಿರಲಿಲ್ಲ. ಇಲಿಯ ಬಾಲ ತಂದವರಿಗೆ ಇನಾಮು ಕೊಟ್ಟು ನೋಡಿದರು. 1920ರ ದಶಕದಲ್ಲಿ ಟಾಸ್ಮೇನಿಯದಿಂದ ಗೂಬೆಗಳನ್ನು ತರಿಸಿ ಬಿಟ್ಟರು. ಗೂಬೆಗಳು ಇಲಿಗಳ ಜೊತೆಗೆ, ಅಳಿದುಳಿದ ಹಕ್ಕಿಗಳನ್ನೂ ಹಿಡಿಯತೊಡಗಿದವು. ಇಂಥ ತಪ್ಪು ಅವರೊಬ್ಬರದೇ ಅಲ್ಲ. 1872ರಲ್ಲಿ ಕಬ್ಬಿನ ಗದ್ದೆಯ ಇಲಿಗಳಿಗೆಂದು ಕಲ್ಕತ್ತೆಯಿಂದ ಒಂಬತ್ತು ಮುಂಗುಸಿಗಳನ್ನು ಜಮೈಕಕ್ಕೆ ಒಯ್ದರು. ಅವುಗಳ ಸಂತತಿಯನ್ನು 1883ರಲ್ಲಿ ಹವಾಯಿ ದ್ವೀಪಗಳಿಗೆ ತಂದರು. ಇಲಿ ತಿರುಗುವುದು ರಾತ್ರಿ, ಮುಂಗುಸಿ ತಿರುಗುವುದು ಹಗಲು. ಇದನ್ನು ನಮ್ಮ ಹಳ್ಳಿಯ ಯಾವ ಹುಡುಗನನ್ನು ಕೇಳಿದ್ದರೂ ಹೇಳುತ್ತಿದ್ದ! ಅಲ್ಲಿ ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳಿಗೆ ಇಂದಿಗೂ ಮುಂಗುಸಿಯ ಕಾಟ ತಪ್ಪಿಲ್ಲ.

ಮುಂದೆ ಲಾರ್ಡ್ ಹೌ ದ್ವೀಪದಲ್ಲಿ ಬೀಜದ ತೋಪುಗಳ ಸುತ್ತ ವಿಷದ ತಿಂಡಿ ಇಡುವ ಪದ್ಧತಿ ಬಂದು, ದಶಕಗಳ ಕಾಲ ನಡೆಯಿತು. ಇಟ್ಟ ಜಾಗದಲ್ಲಿ ಇಲಿ ಕಡಿಮೆಯಾಗುತ್ತಿತ್ತು, ಪಕ್ಕದ ಕಾಡಿನಿಂದ ಮತ್ತೆ ಬರುತ್ತಿತ್ತು. ಒಂದೇ ಔಷಧಿಯನ್ನು ಬಹುಕಾಲ ಬಳಸಿದ್ದರಿಂದ ಅಲ್ಲಿನ ಸುಂಡಿಲಿಗಳು ಅದನ್ನು ತಾಳಿಕೊಳ್ಳುವ ಶಕ್ತಿಯನ್ನೂ ಪಡೆದವು. ಕೊನೆಗೆ ವಿಜ್ಞಾನಿಗಳು ಹೇಳಿದ್ದು ಇಷ್ಟೆ: ಇಡೀ ದ್ವೀಪಕ್ಕೆ ಏಕಕಾಲದಲ್ಲಿ ವಿಷ ಇಡಬೇಕು, ಒಂದು ಗೇಣು ಜಾಗವನ್ನೂ ಬಿಡಬಾರದು. ಒಂದು ಗಬ್ಬದ ಇಲಿ ಉಳಿದರೆ ಎಲ್ಲವೂ ವ್ಯರ್ಥ.

ಹೇಳುವುದು ಸುಲಭ. ಮನೆಯ ಚಾವಣಿಯ ಮಳೆನೀರನ್ನೇ ತೊಟ್ಟಿಯಲ್ಲಿ ಹಿಡಿದು ಕುಡಿಯುವ ಜನ ಅವರು. ಮಕ್ಕಳಿಗೆ ಅಪಾಯವಾದರೆ? ಹಕ್ಕಿಗಳು ಸತ್ತರೆ? ಪ್ರವಾಸಿಗರು ಬರುವುದು ನಿಂತರೆ? ಒಂದೇ ಕಡಲತೀರದ ನೆರೆಹೊರೆಯವರ ನಡುವೆ ಬಿರುಕು ಬಿದ್ದಿತು. 2015ರಲ್ಲಿ ಜನರ ಅಭಿಪ್ರಾಯ ಕೇಳಿದಾಗ ನೂರಕ್ಕೆ 52 ಮಂದಿ ಮಾತ್ರ ಒಪ್ಪಿದರು. ಅಂದರೆ ಅರ್ಧಕ್ಕೆ ಸ್ವಲ್ಪ ಹೆಚ್ಚು. ಬಹುಮತ ಬಂತೆಂದು ಮರುದಿನವೇ ವಿಷ ಸುರಿಯಲಿಲ್ಲ ಎಂಬುದನ್ನು ಗಮನಿಸಿ. ಇನ್ನೂ ನಾಲ್ಕು ವರ್ಷ ಕಳೆಯಿತು. ಆರೋಗ್ಯದ ಅಪಾಯವನ್ನು ಬೇರೆಯ ತಜ್ಞರಿಂದ ಪರೀಕ್ಷೆ ಮಾಡಿಸಿದರು. ಒಂದೊಂದು ಮನೆಗೂ ಹೋಗಿ, ಆ ಮನೆಯವರೊಂದಿಗೆ ಕುಳಿತು, ಇಲ್ಲಿ ಕೈಯಿಂದ ಎರಚೋಣವೇ, ಪೆಟ್ಟಿಗೆಯಲ್ಲಿ ಇಡೋಣವೇ, ನೀರಿನ ತೊಟ್ಟಿಗೆ ಏನು ರಕ್ಷಣೆ ಎಂದು ಮಾತಾಡಿ ಬರೆದುಕೊಂಡರು. ನನ್ನ ಅಭಿಪ್ರಾಯದಲ್ಲಿ ಹೆಲಿಕಾಪ್ಟರಿನ ಕೆಲಸಕ್ಕಿಂತ ಈ ಜಗುಲಿಯ ಮಾತೇ ಕಷ್ಟದ ಕೆಲಸ. ನಾವು ವಿಸ್ತರಣಾ ಕಾರ್ಯಕರ್ತರು ಇದನ್ನೇ ಅವಸರದಲ್ಲಿ ಮುಗಿಸುತ್ತೇವೆ.

2019ರ ಚಳಿಗಾಲದಲ್ಲಿ ಕೆಲಸ ನಡೆಯಿತು. ಇಲಿಗೆ ಬೇರೆ ಆಹಾರ ಕಡಿಮೆಯಿರುವ ಕಾಲವದು. ಬ್ರೋಡಿಫಾಕಮ್ ಎಂಬ, ರಕ್ತ ಹೆಪ್ಪುಗಟ್ಟದಂತೆ ಮಾಡುವ ಔಷಧಿಯನ್ನು ಕಿಲೋವಿಗೆ 20 ಮಿಲಿಗ್ರಾಂ ಪ್ರಮಾಣದಲ್ಲಿ ಬೆರೆಸಿದ ಧಾನ್ಯದ ಗುಳಿಗೆಗಳು, ಸುಮಾರು 42 ಟನ್ ಬಳಕೆಯಾದವು. ಬೆಟ್ಟ ಕಾಡುಗಳಿಗೆ ಹೆಲಿಕಾಪ್ಟರಿನಿಂದ. ಮನೆಗಳ ಸುತ್ತ ಸಾವಿರಾರು ಪೆಟ್ಟಿಗೆಗಳಲ್ಲಿ. ಅದಕ್ಕೂ ಮೊದಲು ಊರಿನ ಕೋಳಿಗಳನ್ನು ತೆಗೆದುಬಿಡಬೇಕಾಯಿತು, ದನಗಳನ್ನು ಕಡಿಮೆ ಮಾಡಬೇಕಾಯಿತು. ಸಾಕಿದವರಿಗೆ ಇದು ಸಣ್ಣ ಮಾತಲ್ಲ.

ವುಡ್‌ಹೆನ್ ಎಂಬ, ಹಾರಲಾರದ ಕಂದು ಬಣ್ಣದ ಹಕ್ಕಿಯೊಂದು ಅಲ್ಲಿದೆ. ಕಾಡುಹಂದಿಗಳ ಹಾವಳಿಯಿಂದ 1980ರ ಹೊತ್ತಿಗೆ ಅದು ಮೂವತ್ತರೊಳಗೆ ಇಳಿದಿತ್ತು. ಹಂದಿಗಳನ್ನು ನಿರ್ಮೂಲ ಮಾಡಿ, ಹಕ್ಕಿಯನ್ನು ಸಾಕಣೆಯಲ್ಲಿ ಮರಿ ಮಾಡಿಸಿ ಉಳಿಸಿಕೊಂಡಿದ್ದರು. ಇದೇ ಹಕ್ಕಿ ವಿಷ ತಿಂದು ಸತ್ತರೆ ಗತಿಯೇನು? ಆದ್ದರಿಂದ ಇನ್ನೂರಕ್ಕೂ ಹೆಚ್ಚು ಹಕ್ಕಿಗಳನ್ನು ಹಿಡಿದು, ಸಿಡ್ನಿಯ ಟರೋಂಗ ಮೃಗಾಲಯದವರ ಆರೈಕೆಯಲ್ಲಿ ತಿಂಗಳುಗಟ್ಟಲೆ ದೊಡ್ಡಿಯಲ್ಲಿಟ್ಟು, ವಿಷ ಕರಗಿದ ಮೇಲೆ ಬಿಟ್ಟರು. ಕೆಲವೇ ವರ್ಷಗಳಲ್ಲಿ ಅವುಗಳ ಸಂಖ್ಯೆ ಮೂರು ಪಟ್ಟಿಗೂ ಹೆಚ್ಚಾಯಿತು. ಕಾಡಿನ ನೆಲದಲ್ಲಿ ಹಿಂದೆ ಇಲಿಗಳ ಪಾಲಾಗುತ್ತಿದ್ದ ಬೀಜಗಳು ಸಸಿಗಳಾಗಿ ಎದ್ದವು. 1930ರ ದಶಕದ ನಂತರ ಕಾಣದಿದ್ದ, ಮರದ ಕೊರಡು ತಿಂದು ಬದುಕುವ ಒಂದು ಜಿರಲೆ 2022ರಲ್ಲಿ ಆಲದ ಜಾತಿಯ ಮರದಡಿ ಸಿಕ್ಕಿತು. ಜಿರಲೆ ಸಿಕ್ಕಿದ್ದಕ್ಕೆ ಹಿಗ್ಗುವ ಜನರೂ ಇದ್ದಾರೆಯೇ ಎಂದು ನೀವು ನಗುತ್ತಿದ್ದೀರಿ. ಕೊರಡನ್ನು ಗೊಬ್ಬರವಾಗಿಸಿ ಮಣ್ಣಿಗೆ ಸೇರಿಸುವ ಜೀವವದು. ಎರೆಹುಳುವಿನ ಬೆಲೆ ಬಲ್ಲ ನಿಮಗೆ ಹೆಚ್ಚು ವಿವರಿಸಬೇಕಿಲ್ಲ.

ಕಥೆ ಅಲ್ಲಿಗೇ ಮುಗಿಯಲಿಲ್ಲ. 2021ರ ಏಪ್ರಿಲಿನಲ್ಲಿ ಜನವಸತಿಯ ಪ್ರದೇಶದಲ್ಲಿ ಮತ್ತೆ ಎರಡು ಇಲಿ ಕಂಡವು. ಕೂಡಲೇ ವಾಸನೆ ಹಿಡಿಯುವ ನಾಯಿಗಳು, ಬೋನುಗಳು, ವಿಷದ ಪೆಟ್ಟಿಗೆಗಳು ಹೊರಬಂದವು. ಹುಡುಕುತ್ತ ಹೋದಂತೆ ನೂರರ ಹತ್ತಿರ ಇಲಿಗಳು ಸಿಕ್ಕವು. ತಿಂಗಳು ತಡವಾಗಿದ್ದರೆ ನೂರು ಸಾವಿರವಾಗುತ್ತಿತ್ತು. ಆ ವರ್ಷ ಮುಗಿಯುವುದರೊಳಗೆ ಅವನ್ನೂ ಮುಗಿಸಿ, ಎರಡು ವರ್ಷ ಕಾದು ನೋಡಿದ ಮೇಲೆಯೇ ದ್ವೀಪ ಇಲಿಮುಕ್ತವೆಂದು ಒಪ್ಪಿದರು. ಸರಕು ತರುವ ಹಡಗಿನ ಮೇಲೆ ಈಗಲೂ ಕಣ್ಣಿಟ್ಟಿದ್ದಾರೆ.

ಇನ್ನು ನಮ್ಮ ತೋಟಕ್ಕೆ ಬರೋಣ. ನಮ್ಮದು ದ್ವೀಪವಲ್ಲ, ಇಲಿಯನ್ನು ಪೂರ್ತಿ ಇಲ್ಲವಾಗಿಸುವುದು ಆಗದ ಮಾತು. ಆದರೆ ಒಂದು ಬೈಲಿನ ತೋಟಗಳೆಲ್ಲ ಸೇರಿದರೆ ಒಂದು ದ್ವೀಪದಂತೆಯೇ. ಕೆಲವು ವರ್ಷಗಳ ಹಿಂದೆ ಒಂದು ಹಳ್ಳಿಯಲ್ಲಿ ನಾನೇ ನಿಂತು ವಿಷ ಇಡಿಸಿದ್ದೆ. ನಡುವಿನ ಎರಡು ತೋಟಗಳ ಮಾಲೀಕರು ಪರ ಊರಿನಲ್ಲಿದ್ದರು. ಅವರಿಗೆ ಒಂದು ಕಾಗದ ಬರೆಯುವ ವ್ಯವಧಾನ ನನಗಿರಲಿಲ್ಲ. ಮಳೆಗಾಲ ಕಳೆಯುವಷ್ಟರಲ್ಲಿ ಇಲಿಗಳು ಮೊದಲಿನಷ್ಟೇ ಆಗಿದ್ದವು. ಊರವರು ಔಷಧಿಯೇ ಸರಿಯಿಲ್ಲವೆಂದರು.

ಆದ್ದರಿಂದ ಮೊದಲು ದಿನ ಗೊತ್ತುಮಾಡಿ, ಬೀಗ ಹಾಕಿದ ತೋಟದ ಕೀಲಿ ಯಾರಲ್ಲಿದೆಯೆಂದು ವಿಚಾರಿಸಿ, ಆಮೇಲೆ ಔಷಧಿ ಕೊಳ್ಳಿರಿ. ತೆಂಗಿನಲ್ಲಿ ಶೇಕಡಾ 0.005ರ ಬ್ರೋಮಡಿಯೋಲೋನ್ ಮೇಣದ ಬಿಲ್ಲೆಯನ್ನು, 10 ಗ್ರಾಂನಂತೆ, ಐದು ಮರಕ್ಕೆ ಒಂದರ ತಲೆಯಲ್ಲಿ ಇಟ್ಟು, 12 ದಿನ ಬಿಟ್ಟು ಇನ್ನೊಮ್ಮೆ ಇಡಬೇಕು. ಇಲಿ ಆ ರಾತ್ರಿಯೇ ಸಾಯುವುದಿಲ್ಲ, ಕೆಲವು ದಿನ ಹಿಡಿಯುತ್ತದೆ. ಹಾಗಿರುವುದರಿಂದಲೇ ಉಳಿದ ಇಲಿಗಳಿಗೆ ಸಂಶಯ ಬರುವುದಿಲ್ಲ. ಜಿಂಕ್ ಫಾಸ್ಫೈಡ್ ತಿಂದ ಇಲಿ ಬದುಕಿಕೊಂಡರೆ ಮತ್ತೆ ಆ ತಿಂಡಿಯನ್ನು ಮೂಸುವುದಿಲ್ಲ ಎಂಬುದು ನಿಮಗೇ ಗೊತ್ತಿದೆ. ಮರಗಳ ಗರಿಗಳು ಒಂದಕ್ಕೊಂದು ತಾಗದಿದ್ದರೆ, ಕಾಂಡಕ್ಕೆ ಎರಡು ಮೀಟರು ಎತ್ತರದಲ್ಲಿ 40 ಸೆಂಟಿಮೀಟರು ಅಗಲದ ತಗಡಿನ ಪಟ್ಟಿ ಸುತ್ತಿದರೂ ಇಲಿ ಹತ್ತದು. ಸತ್ತ ಇಲಿಗಳನ್ನು ದಿನವೂ ಹೆಕ್ಕಿ ಆಳವಾಗಿ ಹೂಳಿರಿ. ಗೂಬೆ, ಗಿಡುಗ, ನಾಯಿಗಳು ಅದನ್ನು ತಿನ್ನಬಾರದು.

ಈ ಬೈಲಿನಲ್ಲಿ ಎಷ್ಟು ತೋಟಗಳಿವೆ, ಯಾರು ಯಾರು ಇಂದು ಬಂದಿಲ್ಲ ಎಂಬ ಪಟ್ಟಿಯನ್ನು ಊಟಕ್ಕೆ ಏಳುವ ಮೊದಲೇ ಬರೆದುಬಿಡೋಣ. ಕಾಗದ ಪೆನ್ನು ನನ್ನ ಬಳಿ ಇದೆ.