ಎರಡನೆಯ ಸಲ ಏಕೆ ಹತ್ತಬೇಕು?

(ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ದುಡಿದು ಉಣ್ಣುವ ನಮ್ಮಂಥವರಿಗೆ ವಿನೋದದ ಖರ್ಚೂ ಲೆಕ್ಕದ ಖರ್ಚೇ. ಒಮ್ಮೆ ಕಂಡ ಆಟಕ್ಕೆ ಮತ್ತೆ ದುಡ್ಡನ್ನೂ ಹೊತ್ತನ್ನೂ ಕೊಡಬಹುದೇ? ಅಮೆರಿಕದ ವಿನೋದವನಗಳ ‘ಸಿಮ್ಯುಲೇಟರ್’ ಸವಾರಿಗಳನ್ನು ಹೋಲಿಸಿದರೆ ಉತ್ತರ ದೊರೆಯುತ್ತದೆ.

ಇಲ್ಲಿ ನಾವು ಕುಳಿತ ಕೋಣೆ ಎಲ್ಲಿಗೂ ಹೋಗುವುದಿಲ್ಲ. ಎದುರಿನ ತೆರೆಯ ಮೇಲೆ ಚಿತ್ರ ಓಡುತ್ತದೆ. ಅದಕ್ಕೆ ಸರಿಯಾಗಿ ಕೋಣೆ ವಾಲುತ್ತದೆ. ಹಿಂದಕ್ಕೆ ವಾಲಿದಾಗ ಬೆನ್ನು ಕುರ್ಚಿಗೆ ಒತ್ತುತ್ತದೆ. ವೇಗ ಹೆಚ್ಚಿತೆಂದು ಮೈ ನಂಬುತ್ತದೆ. ವಿಮಾನ ಚಾಲಕರ ತರಬೇತಿಯಿಂದ ಬಂದ ಉಪಾಯವಿದು.

ಕ್ಯಾಲಿಫೋರ್ನಿಯದ ಡಿಸ್ನಿಲ್ಯಾಂಡಿನಲ್ಲಿ 1987ರಲ್ಲಿ ‘ಸ್ಟಾರ್ ಟೂರ್ಸ್’ ತೆರೆಯಿತು. ಪ್ರತಿ ಸಲವೂ ಅದೇ ಚಿತ್ರ, ಅದೇ ಕುಲುಕಾಟ. 2011ರಲ್ಲಿ ಅದನ್ನು ಹೊಸದು ಮಾಡಿದರು. ಈಗ ಕಥೆಯ ತುಣುಕುಗಳನ್ನು ಯಂತ್ರವೇ ಆರಿಸಿ ಜೋಡಿಸುತ್ತದೆ. 50ಕ್ಕೂ ಹೆಚ್ಚು ಬಗೆಯ ಪ್ರಯಾಣಗಳುಂಟು.

ಅಲ್ಲಿಯೇ 2019ರಲ್ಲಿ ಬಂದ ‘ಮಿಲೇನಿಯಮ್ ಫಾಲ್ಕನ್: ಸ್ಮಗ್ಲರ್ಸ್ ರನ್’ ಇನ್ನೂ ಮುಂದೆ ಹೋಯಿತು. ಅಲ್ಲಿ ಆರು ಮಂದಿಗೆ ಕೆಲಸ ಹಂಚುತ್ತಾರೆ: ಇಬ್ಬರು ನೌಕೆ ನಡೆಸುವವರು, ಇಬ್ಬರು ಗುಂಡು ಹಾರಿಸುವವರು, ಇಬ್ಬರು ದುರಸ್ತಿಯವರು. ನಡೆಸುವವರು ತಪ್ಪಿದರೆ ನೌಕೆ ಡಿಕ್ಕಿ ಹೊಡೆಯುತ್ತದೆ. ದುರಸ್ತಿಯವರಿಗೆ ಕೆಲಸ ಬೀಳುತ್ತದೆ. ಗಿರಣಿಯವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ! ಮುಂದಿನ ಸಲ ಚೆನ್ನಾಗಿ ಮಾಡೋಣವೆಂಬ ಹಟವೇ ಜನರನ್ನು ಮತ್ತೆ ಸಾಲಿಗೆ ತರುತ್ತದೆ.

ಕುಲುಕಾಟದ ಸೊಗಸು ಮೊದಲ ಸಲಕ್ಕೇ ಸರಿ. ಮುಂದೇನೆಂಬ ಕುತೂಹಲ ಉಳಿದಿರಬೇಕು, ಇಲ್ಲವೇ ನಮ್ಮ ಕೈಗೊಂದು ಕೆಲಸವಿರಬೇಕು. ಮಕ್ಕಳು ಯಾವ ಆಟಕ್ಕಾದರೂ ಎರಡನೆಯ ಟಿಕೇಟು ಬೇಡಿದರೆ ಗದರಿಸುವುದು ಬೇಡ. “ಈ ಸಲ ಬೇರೆ ಏನಿರುತ್ತದಪ್ಪಾ?” ಎಂದು ಕೇಳೋಣ. ತಕ್ಕ ಉತ್ತರ ಬಂದರೆ ಕೊಡಿಸೋಣ. ಆ ದುಡ್ಡು ಹಾಳಾದುದಲ್ಲ.