ಹಳೆಯ ಮನೆಗೆ ಸುಣ್ಣಬಣ್ಣ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ಎಲ್ಲರಿಗೂ ಗೊತ್ತಿರುವುದೇ. ಗಾದೆ ಕಟ್ಟಿದವರು ಹಳೆಯ ಮನೆಯನ್ನು ಕೊಳ್ಳುವವರ ಪಾಡನ್ನು ಮಾತ್ರ ಹೇಳದೆ ಬಿಟ್ಟಿದ್ದಾರೆ. ಅದೇನೂ ಸಣ್ಣ ಪಾಡಲ್ಲ. ಪತ್ರ ನೋಂದಣಿಯಾಗಿ, ಬೀಗದ ಕೈ ಕೈಗೆ ಬಂದು, ಹಾಲುಕ್ಕಿಸುವ ದಿನ ಗೊತ್ತಾದೊಡನೆಯೇ ಮನೆಮಂದಿಯೆಲ್ಲ ಕೇಳುವುದು ಒಂದೇ ಪ್ರಶ್ನೆ: ಗೋಡೆಗೆ ಯಾವ ಬಣ್ಣ? ಅಂಗಡಿಯಿಂದ ತಂದ ಬಣ್ಣದ ಪುಸ್ತಕ ಕೈಯಿಂದ ಕೈಗೆ ತಿರುಗುತ್ತದೆ. ಮಗಳು ತಿಳಿನೀಲಿ ಎನ್ನುತ್ತಾಳೆ, ಮಗ ಬೂದು ಎನ್ನುತ್ತಾನೆ, ಅಜ್ಜಿಗೆ ಅರಿಸಿನದ ಛಾಯೆಯೇ ಆಗಬೇಕು. ಈ ಚರ್ಚೆ ಸೊಗಸಾದದ್ದೇ. ಆದರೆ ಇದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದುಂಟು: ಈ ಗೋಡೆ ಯಾವುದರಿಂದ ಆದದ್ದು?

ನಮ್ಮ ಭಾಷೆ ಈ ಕ್ರಮವನ್ನು ಮರೆತಿಲ್ಲ. ನಾವು ‘ಸುಣ್ಣಬಣ್ಣ’ ಎನ್ನುತ್ತೇವೆಯೇ ಹೊರತು ‘ಬಣ್ಣಸುಣ್ಣ’ ಎನ್ನುವುದಿಲ್ಲ. ಚೂರ್ಣದ ತದ್ಭವ ಸುಣ್ಣ. ವರ್ಣದ ತದ್ಭವ ಬಣ್ಣ. ಸಂಸ್ಕೃತದಲ್ಲಿ ಸುಣ್ಣಕ್ಕೆ ‘ಸುಧೆ’ ಎಂಬ ಹೆಸರೂ ಇದೆ. ಅಮೃತಕ್ಕೂ ಅದೇ ಹೆಸರು. ಸುಧೆಯಿಂದ ಬೆಳಗಿಸಿದ ಕಟ್ಟಡವೇ ಸೌಧ. ಹಳೆಯ ಗೋಡೆಯ ಪಾಲಿಗೆ ಸುಣ್ಣವು ಅಮೃತವೆಂಬ ಮಾತು ಬರಿಯ ಶಬ್ದವಿನೋದವಲ್ಲ.

ಮೈಸೂರಿನ ಅಗ್ರಹಾರಗಳಲ್ಲಿ, 1898ರ ಪ್ಲೇಗಿನ ತರುವಾಯ ಬೆಳೆದ ಬೆಂಗಳೂರಿನ ಬಸವನಗುಡಿ ಮಲ್ಲೇಶ್ವರಗಳಲ್ಲಿ, ನಮ್ಮ ಸಣ್ಣ ಊರುಗಳ ಹಳೆಯ ಬೀದಿಗಳಲ್ಲಿ ಇನ್ನೂ ನಿಂತಿರುವ ಮನೆಗಳನ್ನು ನೋಡಿ. ಗೋಡೆ ಮಣ್ಣಿನದು, ಇಲ್ಲವೆ ಇಟ್ಟಿಗೆಯದು. ಮೇಲಿನದು ಸುಣ್ಣದ ಗಾರೆ. ಇಂಥ ಗೋಡೆ ಮಳೆಗಾಲದಲ್ಲಿ ನೆಲದ ತೇವವನ್ನು ಹೀರಿಕೊಂಡು ಬಿಸಿಲುಗಾಲದಲ್ಲಿ ಹೊರಗೆ ಬಿಡುತ್ತದೆ. ಅದು ಉಸಿರಾಡುವ ಗೋಡೆ ಎಂದರೂ ಸಲ್ಲುತ್ತದೆ. ಇದರ ಮೇಲೆ ಪ್ಲಾಸ್ಟಿಕ್ ಎಮಲ್ಷನ್ ಬಳಿದರೆ ಗೋಡೆಗೆ ರೈನ್‌ಕೋಟನ್ನು ತೊಡಿಸಿದಂತೆ. ಒಳಗಿನ ತೇವ ಒಳಗೇ ಉಳಿಯುತ್ತದೆ. ಬಣ್ಣ ಬೊಬ್ಬೆಯೇಳುತ್ತದೆ, ಗಾರೆಯಲ್ಲಿದ್ದ ಉಪ್ಪು ಬಿಳಿಯ ಹುಡಿಯಾಗಿ ಮೇಲೇಳುತ್ತದೆ, ಹಕ್ಕಳೆ ಉದುರುತ್ತದೆ. ಆಗ ಮೇಸ್ತ್ರಿ ಗಾರೆಯನ್ನೇ ಕೆತ್ತಿ ಸಿಮೆಂಟು ಹಚ್ಚೋಣವೆನ್ನುತ್ತಾನೆ. ಸಿಮೆಂಟು ಮಣ್ಣಿಗಿಂತ ಬಹಳ ಗಡುಸು. ಕೆಲವು ವರ್ಷಗಳಲ್ಲಿ ಅದು ಗೋಡೆಯನ್ನು ಬಿಟ್ಟು ನಿಲ್ಲುತ್ತದೆ. ಬಡಿದು ನೋಡಿದರೆ ಡೊಳ್ಳು ಡೊಳ್ಳಾಗಿ ಕೇಳುತ್ತದೆ. ಬಣ್ಣದ ಆಯ್ಕೆಯಿಂದ ಹೊರಟ ಖರ್ಚು ಗೋಡೆಯ ರಿಪೇರಿಗೆ ಬಂದು ನಿಲ್ಲುವುದು ಹೀಗೆ. ಪ್ರಾವಿಡೆಂಟ್ ಫಂಡಿನ ಹಣವನ್ನೆಲ್ಲ ಮನೆಗೆ ಸುರಿದವರಿಗೆ ಇದು ಸಣ್ಣ ಪೆಟ್ಟಲ್ಲ.

ಗೋಡೆಯ ಮೇಲೆ ಈಗ ಏನಿದೆಯೆಂದು ತಿಳಿಯುವುದು ಕಷ್ಟವಲ್ಲ. ಒಣ ಅಂಗೈಯಿಂದ ಉಜ್ಜಿ. ಬಿಳಿಯ ಹುಡಿ ಅಂಟಿದರೆ ಬಹುಮಟ್ಟಿಗೆ ಸುಣ್ಣ. ಒದ್ದೆ ಬಟ್ಟೆಯಿಂದ ಉಜ್ಜಿದಾಗ ಬಣ್ಣ ಕರಗಿ ಬಂದರೆ ಹಳೆಯ ಡಿಸ್ಟೆಂಪರ್. ನೀರು ಚಿಮುಕಿಸಿದಾಗ ಇಂಗದೆ ಹನಿಹನಿಯಾಗಿ ಜಾರಿದರೆ ಎಣ್ಣೆ ಬಣ್ಣವೋ ಎಮಲ್ಷನ್ನೋ ಇದೆಯೆಂದು ತಿಳಿಯಿರಿ. ಎಣ್ಣೆ ಬಣ್ಣದ ಮೇಲೆ ಸುಣ್ಣ ನಿಲ್ಲದು; ಕರಗುವ ಡಿಸ್ಟೆಂಪರಿನ ಮೇಲೆ ಯಾವುದೂ ನಿಲ್ಲದು. ಅವನ್ನು ತೆಗೆದೇ ಮುಂದುವರಿಯಬೇಕು.

ತೇವದ ಕಲೆ ಕಂಡರೆ ಅದನ್ನು ಬಣ್ಣದಿಂದ ಮುಚ್ಚಲು ಹೋಗಬೇಡಿ. ನೀರು ಬರುವ ದಾರಿಯನ್ನು ಹುಡುಕಿ. ಒಡೆದ ಹೆಂಚು, ಕಟ್ಟಿಕೊಂಡ ದೋಣಿ, ಬಚ್ಚಲ ಪಕ್ಕದ ಬಿರುಕು, ಇವು ಸಾಮಾನ್ಯ ಕಾರಣಗಳು. ಹಳೆಯ ಬೀದಿಗಳಲ್ಲಿ ಇನ್ನೊಂದು ಕಾರಣವುಂಟು. ರಸ್ತೆಗೆ ಟಾರಿನ ಮೇಲೆ ಟಾರು ಹಾಕಿ ಹಾಕಿ ಅದು ಎತ್ತರವಾಗಿ, ಮನೆಯ ಪಾಯ ತಗ್ಗಿನಲ್ಲಿ ಉಳಿದಿರುತ್ತದೆ. ಮಳೆಯ ನೀರೆಲ್ಲ ಗೋಡೆಯ ಬುಡಕ್ಕೇ ಬರುತ್ತದೆ. ಅಲ್ಲೊಂದು ಚರಂಡಿ ಮಾಡಿಸಿದರೆ ಎಷ್ಟೋ ಡಬ್ಬಿ ಬಣ್ಣದ ಹಣ ಉಳಿದೀತು.

ಸುಣ್ಣವನ್ನೇ ಬಳಿಯುವುದೆಂದು ನಿಶ್ಚಯಿಸಿದರೆ ಅದನ್ನು ಕ್ರಮವಾಗಿ ಮಾಡಬೇಕು. ಒಂದು ಕಿಲೋ ಸುಡುಸುಣ್ಣಕ್ಕೆ ಸುಮಾರು 5 ಲೀಟರು ನೀರು ಸೇರಿಸಿ 24 ಗಂಟೆ ಬಿಡಬೇಕು. ಅರಳುವಾಗ ಸುಣ್ಣ ಕುದಿಯುತ್ತದೆ. ಪ್ಲಾಸ್ಟಿಕ್ ಬಕೆಟ್ಟು ಕೂಡದು, ಮಕ್ಕಳು ಹತ್ತಿರ ಇರಕೂಡದು, ಕಣ್ಣಿಗೆ ಹನಿ ಬೀಳದಂತೆ ಕನ್ನಡಕ ಬೇಕು. ಮರುದಿನ ಒರಟು ಬಟ್ಟೆಯಲ್ಲಿ ಸೋಸಿ, 10 ಲೀಟರು ಸುಣ್ಣದ ಹಾಲಿಗೆ 40 ಗ್ರಾಂ ಅಂಟನ್ನು ಬಿಸಿನೀರಿನಲ್ಲಿ ಕರಗಿಸಿ ಬೆರೆಸಬೇಕು. ಬಿಳುಪು ಕಳೆಯೇರಲು ಕಿಲೋ ಸುಣ್ಣಕ್ಕೆ 3 ಗ್ರಾಂ ಮೀರದಂತೆ ನೀಲಿ ಸಾಕು. ತೆಳ್ಳಗೆ ಎರಡು ಮೂರು ಸಲ ಬಳಿಯಬೇಕು. ದಪ್ಪಗೆ ಒಂದೇ ಸಲ ಬಳಿದರೆ ಉದುರುತ್ತದೆ. ಹಸಿ ಇರುವಾಗ ಅದು ನೀರಿನಂತೆ ಕಂಡರೆ ಗಾಬರಿಯಾಗಬೇಡಿ. ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಅದು ಮತ್ತೆ ಕಲ್ಲಿನ ಗುಣಕ್ಕೆ ತಿರುಗುತ್ತದೆ, ಆರಿದಂತೆಲ್ಲ ಬೆಳ್ಳಗಾಗುತ್ತದೆ. ಹೊಸ ಸುಣ್ಣದ ಕ್ಷಾರಕ್ಕೆ ಬೂಷ್ಟು ಹಿಡಿಯದೆಂಬುದು ಇನ್ನೊಂದು ಲಾಭ.

ಸುಣ್ಣಕ್ಕೆ ದೋಷವಿಲ್ಲವೆ? ಉಂಟು. ಒರಗಿದವರ ಬೆನ್ನಿಗೆ ಅಂಟುತ್ತದೆ, ಕೊಳೆಯಾದರೆ ತೊಳೆಯಲಾಗದು, ವರ್ಷ ಎರಡು ವರ್ಷಕ್ಕೊಮ್ಮೆ ಮತ್ತೆ ಬಳಿಯಬೇಕು. ಹಿಂದಿನವರು ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ ಹೊಡೆಯುತ್ತಿದ್ದುದು ಈ ಕೊಳೆ ಕಾಣದಿರಲೆಂದೇ. ನೀವು ಕೊಂಡ ಮನೆ ಸಿಮೆಂಟಿನ ಗಾರೆಯದಾಗಿದ್ದು ಗೋಡೆ ಚೆನ್ನಾಗಿ ಒಣಗಿದ್ದರೆ ಎಮಲ್ಷನ್ ಬಳಿಸಲು ಅಡ್ಡಿಯಿಲ್ಲ; ಮಕ್ಕಳಿರುವ ಮನೆಯಲ್ಲಿ ಒರೆಸಬಹುದಾದ ಗೋಡೆ ಅನುಕೂಲವೂ ಹೌದು. ಇಂತಿಂಥ ಗೋಡೆಗೆ ಇಂತಿಂಥದು ಎಂಬುದಷ್ಟೇ ನನ್ನ ವಾದ.

ಮಕ್ಕಳ ಮಾತು ಬಂದದ್ದರಿಂದ ಬಾಗಿಲು ಕಿಟಕಿಗಳ ವಿಷಯವನ್ನು ಒತ್ತಿ ಹೇಳಬೇಕಾಗಿದೆ. ಮನೆಬಳಕೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷಕ್ಕೆ 90 ಪಾಲು ಮೀರಬಾರದೆಂಬ ಭಾರತದ ನಿಯಮ 2016ರಲ್ಲಿ ಹೊರಟು, 2017ರ ನವೆಂಬರಿನಿಂದ ಜಾರಿಗೆ ಬಂತು. ಅದಕ್ಕೆ ಹಿಂದಿನ ಎಣ್ಣೆ ಬಣ್ಣದಲ್ಲಿ ಸೀಸ ಇದ್ದಿರಬಹುದು. ಒಣ ಉಪ್ಪುಕಾಗದದಿಂದ ಉಜ್ಜಿದರೆ ಅದು ಧೂಳಾಗಿ ಮನೆಯೆಲ್ಲ ಹರಡುತ್ತದೆ. ಸುಟ್ಟು ತೆಗೆದರೆ ಹೊಗೆಯಾಗಿ ಸೇರುತ್ತದೆ. ಅಂಬೆಗಾಲಿಡುವ ಮಗು ನೆಲ ಮುಟ್ಟಿದ ಕೈಯನ್ನು ಬಾಯಿಗಿಡುತ್ತದೆ. ಸೀಸವು ಎಳೆಯ ಮಿದುಳಿಗೆ ಮಾಡುವ ಕೇಡು ಮುಂದೆ ಸರಿಹೋಗುವಂಥದಲ್ಲ. ಆದುದರಿಂದ ನೀರು ಹಾಕಿಯೇ ಉಜ್ಜಿಸಿ. ಮಕ್ಕಳನ್ನೂ ಬಸುರಿಯರನ್ನೂ ಆ ದಿನಗಳಲ್ಲಿ ಬೇರೆ ಕಡೆ ಇರಿಸಿ. ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ. ಉಜ್ಜುವ ಕೆಲಸಗಾರನಿಗೂ ಮನೆಯಲ್ಲಿ ಮಕ್ಕಳಿದ್ದಾರೆ. ಅವನ ಮುಖಕ್ಕೆ ತಕ್ಕ ಮುಖವಾಡ ಕೊಡುವುದು ನಿಮ್ಮ ಹೊಣೆ.

ಇಷ್ಟಾದ ಮೇಲೆ ಬಣ್ಣ. ತೊಟ್ಟಿಯ ಬೆಳಕನ್ನೇ ನೆಚ್ಚಿದ ನಡುಮನೆ, ಕಪ್ಪು ತೊಲೆ ಜಂತೆ, ಕೆಂಪು ಗಾರೆಯ ನೆಲ, ಇವುಗಳ ನಡುವೆ ಗಾಢ ಬಣ್ಣ ಬಂದರೆ ಹಗಲೇ ದೀಪ ಬೇಕಾದೀತು. ಬಿಳಿ, ಕೆನೆ, ತಿಳಿ ಅರಿಸಿನ, ಇವು ಕತ್ತಲೆಯ ಕೋಣೆಗೆ ಒಪ್ಪುತ್ತವೆ. ಸುಣ್ಣದಲ್ಲಿ ಬೆರೆಸುವುದಾದರೆ ಕೆಮ್ಮಣ್ಣು, ಹಳದಿ ಮಣ್ಣುಗಳಂಥ ಮಣ್ಣಿನ ಬಣ್ಣಗಳೇ ಕ್ಷಾರವನ್ನು ತಡೆಯುತ್ತವೆ. ಪುಸ್ತಕದ ಅಂಗುಲದಗಲದ ಚೂರನ್ನು ನೋಡಿ ತೀರ್ಮಾನಿಸಬೇಡಿ. ಗೋಡೆಯ ಮೇಲೆ ಎರಡಡಿ ಚೌಕದಷ್ಟು ಬಳಿಸಿ, ಆರಲು ಬಿಟ್ಟು, ಬೆಳಿಗ್ಗೆ, ನಡುಹಗಲು, ರಾತ್ರಿ ನಿಮ್ಮದೇ ದೀಪದಲ್ಲಿ ನೋಡಿ. ಹಳದಿ ಬೆಳಕಿನ ಎಲ್.ಇ.ಡಿ.ಯಲ್ಲಿ ಕೆನೆಯಾಗಿ ಕಂಡದ್ದು ಬಿಳಿ ಬೆಳಕಿನದರಲ್ಲಿ ಬೇರೆಯಾಗಿ ಕಂಡೀತು.

ಹೊಸದಾಗಿ ಹಳೆಯ ಮನೆಗೆ ಬಂದವರಿಗೆ ನನ್ನ ಸಲಹೆ ಇಷ್ಟೆ. ಸುಣ್ಣದ ಗೋಡೆಯಾದರೆ ಮೊದಲ ವರ್ಷ ಬರಿಯ ಬಿಳಿ ಸುಣ್ಣ ಬಳಿಸಿ, ಒಂದು ಮಳೆಗಾಲ ಆ ಮನೆಯಲ್ಲಿ ಬಾಳಿ ನೋಡಿ. ಯಾವ ಮೂಲೆ ತೇವ, ಯಾವ ಕೋಣೆ ಕತ್ತಲೆ, ಯಾವ ಗೋಡೆಗೆ ಸಂಜೆಯ ಬಿಸಿಲು ಬೀಳುತ್ತದೆ ಎಂಬುದೆಲ್ಲ ಅಷ್ಟರಲ್ಲಿ ತಿಳಿದಿರುತ್ತದೆ. ಮನೆಯವರ ಬಣ್ಣದ ಚರ್ಚೆ ಆಗ ನಡೆಯಲಿ.